ಏಳು ಮನೆಗೆ ಒಂದೇ ಶಾಪವೇ?

ಹಾಳುಬಿದ್ದ ಊರು ಕಂಡರೆ ನಮ್ಮ ಜನಕ್ಕೆ ಒಂದು ದೆವ್ವ ಬೇಕು, ಇಲ್ಲವೇ ಒಂದು ಶಾಪ ಬೇಕು. ಎರಡೂ ಸಿಕ್ಕರೆ ಹಬ್ಬ. ಊರಿನವರು ಯಾಕೆ ಎದ್ದು ಹೋದರು, ಯಾವ ವರ್ಷ ಹೋದರು, ಎಲ್ಲಿಗೆ ಹೋದರು, ಹೋಗುವಾಗ ಸಾಲವೆಷ್ಟಿತ್ತು, ಕಂದಾಯದ ಬಾಕಿ ಎಷ್ಟಿತ್ತು ಎಂಬ ಪ್ರಶ್ನೆಗಳಿಗೆ ತಲೆ ಕೆಡಿಸಿಕೊಳ್ಳುವವರಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಲೆಕ್ಕ ತಾಳೆಯಾಗದಿದ್ದಾಗ 'ದೆವ್ವದ ಕಾಟ' ಅಂತ ಷರಾ ಬರೆದು ಲೆಡ್ಜರು ಮುಚ್ಚುವ ಸೌಲಭ್ಯ ನಮಗಿರಲಿಲ್ಲ. ಊರುಗಳ ವಿಷಯದಲ್ಲಿ ಮಾತ್ರ ಅದು ಹೇಗೆ ನಡೆಯುತ್ತದೆ ಎನ್ನುವುದೇ ನನ್ನ ತಕರಾರು.

ನಾನೀಗ ಇರುವುದು ಬುಟಿಬೋರಿಯಲ್ಲಿ, ಮಗನ ಮನೆಯಲ್ಲಿ. ನಾಗಪುರದಿಂದ ದಕ್ಷಿಣಕ್ಕೆ ಹೈದರಾಬಾದಿನ ಹೆದ್ದಾರಿ ಹಿಡಿದರೆ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರು. ದೊಡ್ಡ ಕೈಗಾರಿಕಾ ಪ್ರದೇಶ. ಪಾಳಿ ಮುಗಿಯುವ ಹೊತ್ತಿಗೆ ಚಹದ ಗಾಡಿಯ ಹತ್ತಿರ ನಿಂತರೆ ಮರಾಠಿ, ಹಿಂದಿ, ಛತ್ತೀಸಗಢಿ, ಭೋಜಪುರಿ ಎಲ್ಲ ಕಿವಿಗೆ ಬೀಳುತ್ತದೆ. ಒಮ್ಮೊಮ್ಮೆ ಕಲಬುರಗಿ ಕಡೆಯ ಕನ್ನಡವೂ. ಒಬ್ಬೊಬ್ಬರನ್ನೇ ಮಾತಾಡಿಸಿ ನೋಡಿ, ಊರಲ್ಲಿ ಬೀಗ ಹಾಕಿದ ಒಂದು ಮನೆ ಎಲ್ಲರಿಗೂ ಇದೆ. ಯಾವ ದೆವ್ವವೂ ಅವರನ್ನು ಓಡಿಸಿಲ್ಲ ಸ್ವಾಮಿ.

ಇಲ್ಲಿರುವಾಗಲೇ ನನ್ನ ತಮ್ಮನ ಮಗ ಶಿವಮೊಗ್ಗದಿಂದ ವಾಟ್ಸಾಪಿನಲ್ಲಿ ಒಂದು ಕರಪತ್ರ ಕಳಿಸಿದ. ನಮ್ಮ ಕೇರಿಯ ಫೋಟೋ. ಕುಸಿದ ಹೆಂಚಿನ ಮಾಡು, ಪಾಚಿ ಕಟ್ಟಿದ ಜಗಲಿ. ಮೇಲೆ ರಕ್ತ ಸೋರುವಂಥ ಕೆಂಪು ಅಕ್ಷರದಲ್ಲಿ 'ಶಾಪಗ್ರಸ್ತ ಹಳ್ಳಿ – ಒಂದು ರಾತ್ರಿ ತಂಗುವ ಧೈರ್ಯ ನಿಮಗಿದೆಯೇ?' ಅಂತ. ಬೆಂಗಳೂರಿನ ಒಬ್ಬ ಪ್ರವಾಸ ಏರ್ಪಾಡಿನವರು ವಾರದ ಕೊನೆಗೆ ಜನ ಕರಕೊಂಡು ಬರುತ್ತಾರಂತೆ, ತಲೆಗಿಷ್ಟು ಅಂತ ಕೊಡುತ್ತಾರಂತೆ. ಒಳಗೆ ಕಥೆಯನ್ನೂ ಹೊಸೆದಿದ್ದಾರೆ. ಒಬ್ಬ ವಿಧವೆ ಶಾಪ ಹಾಕಿದಳು, ಒಂದೇ ರಾತ್ರಿಯಲ್ಲಿ ಏಳೂ ಮನೆಯವರು ಊರು ಬಿಟ್ಟರು, ಅವತ್ತಿನಿಂದ ಅಮಾವಾಸ್ಯೆಗೆ ಗೆಜ್ಜೆ ಸದ್ದು. ಕೇರಿಯ ತಲೆಯಲ್ಲಿರುವ ನಮ್ಮ ಚೌಡಿಯ ಕಲ್ಲಿಗೆ 'ಪ್ರೇತಶಿಲೆ' ಅಂತ ನಾಮಕರಣವೂ ಆಗಿದೆ. ನಾನು ಓದಿ ನಗಲಿಲ್ಲ. ಆ ಏಳು ಮನೆಗಳಲ್ಲಿ ಒಂದರಲ್ಲಿ ಹುಟ್ಟಿದವನು ನಾನು.

ಈ 'ಒಂದೇ ರಾತ್ರಿ' ಎನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ರಾಜಸ್ಥಾನದ ಜೈಸಲ್ಮೇರಿನ ಹತ್ತಿರ ಕುಲಧರಾ ಅಂತ ಒಂದು ಪಾಳು ಹಳ್ಳಿ ಇದೆ. ದಿವಾನ ಸಾಲಿಂ ಸಿಂಗ್ ಊರಿನ ಹುಡುಗಿಯೊಬ್ಬಳ ಮೇಲೆ ಕಣ್ಣು ಹಾಕಿದ, ಪಾಲಿವಾಲ ಬ್ರಾಹ್ಮಣರು ಮಾನ ಉಳಿಸಿಕೊಳ್ಳಲು 84 ಹಳ್ಳಿ ಬಿಟ್ಟು ರಾತ್ರೋರಾತ್ರಿ ಹೊರಟರು, ಇನ್ನು ಮುಂದೆ ಇಲ್ಲಿ ಯಾರೂ ಬಾಳಬಾರದು ಅಂತ ಶಪಿಸಿದರು ಎಂಬುದು ಅಲ್ಲಿಯ ಕಥೆ. ಟಿಕೆಟ್ ಕೊಂಡು ನೋಡುವ ಜಾಗ ಈಗ. ದೆವ್ವ ಹುಡುಕುವವರ ತಂಡವೊಂದು ದೆಹಲಿಯಿಂದ ಯಂತ್ರಗಳ ಸಮೇತ ಬಂದು ರಾತ್ರಿ ಕಳೆದು ಹೋದದ್ದೂ ಉಂಟು. ಆದರೆ 1890ರ ಸುಮಾರಿಗೆ ಅದೇ ಕುಲಧರಾದಲ್ಲಿ 37 ಜನ ಇದ್ದರು ಅಂತ ಲೆಕ್ಕ ಸಿಗುತ್ತದೆ. ರಾತ್ರೋರಾತ್ರಿ ಖಾಲಿಯಾದ ಊರಲ್ಲಿ ಹಲವು ದಶಕಗಳ ನಂತರ 37 ಜನ ಹೇಗೆ ಉಳಿದರು? ನೀರು ಬತ್ತುತ್ತ ಬಂತು ಅನ್ನುವವರಿದ್ದಾರೆ, ತೆರಿಗೆ ತಡೆಯಲಾಗಲಿಲ್ಲ ಅನ್ನುವವರಿದ್ದಾರೆ, ಭೂಕಂಪದ ಗುರುತು ಕಂಡ ವಿಜ್ಞಾನಿಗಳೂ ಇದ್ದಾರೆ. ಯಾವುದೇ ಇರಲಿ, ಊರು ಒಂದು ರಾತ್ರಿಯಲ್ಲಿ ಸಾಯಲಿಲ್ಲ, ಕಂತಿನಲ್ಲಿ ಸತ್ತಿತು. ಊರುಗಳು ಸಾಯುವುದೇ ಹಾಗೆ.

ನಮ್ಮ ಕೇರಿಯಿಂದ ಕಣ್ಣೆತ್ತಿದರೆ ಕವಲೇದುರ್ಗದ ಗುಡ್ಡ. ತೀರ್ಥಹಳ್ಳಿ ತಾಲ್ಲೂಕಿನವರಿಗೆ ಹೇಳಬೇಕಾದ್ದೇ ಇಲ್ಲ, ಬಯಲುಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಈಗ ಅದು ಚಾರಣದ ಜಾಗ. ಗುಡ್ಡದ ಮೈಗೆ ಒಂದರ ಮೇಲೊಂದು ಮೂರು ಸುತ್ತು ಕೋಟೆ, ಬಾಗಿಲುಗಳು, ಕಾವಲಿನವರು ಕೂರುವ ಜಗಲಿಗಳು, ದೇವಸ್ಥಾನ, ಕೊಳ, ಅರಮನೆಯ ತಳಪಾಯ, ಅಡುಗೆಮನೆಯ ಕಲ್ಲಿನ ಒಲೆ. ಬಂದವರೆಲ್ಲ ಒಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ 'ಇಷ್ಟು ದೊಡ್ಡ ಊರು ಏನಾಯ್ತು?' ಅಂತ ಕೇಳುತ್ತಾರೆ. ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ, ಬಂತಲ್ಲ ಗೆಜ್ಜೆ ಸದ್ದು.

ಉತ್ತರ ಏನು ಗುಟ್ಟಿನದ್ದಲ್ಲ. ಕೆಳದಿಯ ವೆಂಕಟಪ್ಪ ನಾಯಕ 16ನೇ ಶತಮಾನದ ಕೊನೆ, 17ರ ಮೊದಲ ಭಾಗದಲ್ಲಿ ಇದನ್ನು ಗಟ್ಟಿ ಕೋಟೆ ಮಾಡಿದ, ಭುವನಗಿರಿ ಎನಿಸಿದ. ಅರಮನೆ, ಖಜಾನೆ, ಕಣಜ, ಆನೆ ಕುದುರೆಗಳ ಲಾಯ, ಶ್ರೀಕಂಠೇಶ್ವರನ ಗುಡಿ, ಮಹತ್ತಿನ ಮಠ. ಖಜಾನೆ ಮತ್ತು ಕಣಜ ಎರಡೂ ಇರುವ ಕಡೆ ಜನ ಇದ್ದೇ ಇರುತ್ತಾರೆ. ಮುಂದೆ ಇದೇ ಮನೆತನದ ಶಿವಪ್ಪ ನಾಯಕ ಹನ್ನೆರಡು ವರ್ಷ ಬೇರೆಬೇರೆ ತರಗತಿಯ ನೆಲದಲ್ಲಿ ಬೆಳೆ ತೆಗೆಸಿ, ಖರ್ಚು ಹುಟ್ಟುವಳಿಯ ಲೆಕ್ಕ ಇಡಿಸಿ, ಆಮೇಲೆ ಕಂದಾಯ ಗೊತ್ತುಮಾಡಿದ. ಅದೇ ಶಿಸ್ತು. ಇವತ್ತಿನ ಯಾವ ಸಾಲ ಮಂಜೂರಾತಿಯ ಅಧಿಕಾರಿಗೂ ಅಷ್ಟು ತಾಳ್ಮೆ ಇಲ್ಲ, ಅದು ಬಿಡಿ. ಹೇಳಬೇಕಾದ್ದೇನೆಂದರೆ, ಕವಲೇದುರ್ಗ ನಿಂತಿದ್ದದ್ದು ಒಂದು ಆಡಳಿತದ ಮೇಲೆ, ಬಿದನೂರಿನ ವ್ಯಾಪಾರದ ಮೇಲೆ. ಮೆಣಸು, ಅಕ್ಕಿ ಘಟ್ಟ ಇಳಿಯುತ್ತಿತ್ತು, ದುಡ್ಡು ಘಟ್ಟ ಹತ್ತುತ್ತಿತ್ತು.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. ಆ ಊರಿನ ಬೊಕ್ಕಸವೇ ತನ್ನ ಏಳಿಗೆಗೆ ಬುನಾದಿ ಎಂದು ಅವನೇ ಹೇಳಿಕೊಳ್ಳುತ್ತಿದ್ದನಂತೆ. ಊರಿಗೆ ಹೈದರನಗರ ಅಂತ ಹೆಸರಾಯಿತು, ಜನರ ಬಾಯಲ್ಲಿ ಬರೀ ನಗರ ಉಳಿಯಿತು. ಲಕ್ಷ ಮನೆಗಳಿದ್ದುವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಊರದು. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ಮರಳಿ ಪಡೆದ. ಹಿಡಿದವರು, ಮರಳಿ ಪಡೆದವರು ಇಬ್ಬರೂ ಸುಟ್ಟದ್ದು, ದೋಚಿದ್ದು ಊರಿನವರದ್ದೇ. 1801ರಲ್ಲಿ ಬುಕಾನನ್ ಈ ಸೀಮೆಯಲ್ಲಿ ಹಾದು ಹೋಗುವ ಹೊತ್ತಿಗೆ ನಗರದ ಹಳೆಯ ವೈಭವ ಮುಗಿದ ಕಥೆಯಾಗಿತ್ತು. 1830–31ರಲ್ಲಿ ಕಂದಾಯದ ಗುತ್ತಿಗೆದಾರರ ಕಾಟ ತಡೆಯಲಾರದೆ ನಗರ ಸೀಮೆಯ ರೈತರು ದಂಗೆಯೆದ್ದರು. ಅದೇ ನೆಪದಲ್ಲಿ ಇಂಗ್ಲಿಷರು ಇಡೀ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಆ ಕಾಲಕ್ಕೂ ನಮ್ಮ ತಾಲ್ಲೂಕಿಗೆ ಕವಲೇದುರ್ಗ ಎಂದೇ ಹೆಸರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಆ ಹೆಸರೂ ತೀರ್ಥಹಳ್ಳಿಗೆ ಹೋಯಿತು. ಕಚೇರಿ ಇಲ್ಲದ ಊರಿಗೆ ವಕೀಲ ಬರುವುದಿಲ್ಲ, ವಕೀಲ ಬಾರದ ಕಡೆ ಕಕ್ಷಿಗಾರ ಬರುವುದಿಲ್ಲ, ಕಕ್ಷಿಗಾರ ಬಾರದ ಕಡೆ ಖಾನಾವಳಿ ನಡೆಯುವುದಿಲ್ಲ. ಶಾಖೆ ಮುಚ್ಚಿದ ಊರುಗಳನ್ನು ಕಣ್ಣಾರೆ ಕಂಡವನು ನಾನು, ಈ ಸರಪಳಿ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ನಡೆದ ಮೇಲೆ ಉಳಿದವರನ್ನು ನೋಡಿಕೊಂಡದ್ದು ಚಳಿಜ್ವರ. ಇದನ್ನು ನಮ್ಮ ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ, ನಮ್ಮ ಮನೆಗಳಲ್ಲಿ ಅದು ಎರಡು ತಲೆಮಾರು ನಡೆಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯ ಉಳಿದ ಕಡೆ ಜನಸಂಖ್ಯೆ ಏರುತ್ತಿದ್ದರೆ ಮಲೆನಾಡಿನ ತಾಲ್ಲೂಕುಗಳಲ್ಲಿ ಇಳಿಯುತ್ತಿತ್ತು. ಸರಕಾರಕ್ಕೇ ಗಾಬರಿಯಾಗಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮಲೆನಾಡು ಸುಧಾರಣೆಯ ಯೋಜನೆ ಅಂತ ಒಂದು ಹಾಕಿಕೊಂಡರು. ನನ್ನ ಅಜ್ಜ ಹೇಳುತ್ತಿದ್ದರು: ಮಳೆಗಾಲ ಮುಗಿಯುವ ಹೊತ್ತಿಗೆ ಕೇರಿಯ ಮಕ್ಕಳಿಗೆಲ್ಲ ಹೊಟ್ಟೆಯಲ್ಲಿ ಗಡ್ಡೆ, ಮೈಯೆಲ್ಲ ಹಳದಿ. ಕೊಯ್ಲಿಗೆ ಆಳು ಸಿಗುತ್ತಿರಲಿಲ್ಲ. ಕೊಯ್ನಾ ಮಾತ್ರೆ ತರಲು ತೀರ್ಥಹಳ್ಳಿಗೆ ನಡೆದು ಹೋದವನು ವಾಪಸು ಬರುವುದರೊಳಗೆ ಮನೆಯಲ್ಲಿ ಹೆಣ. ಡಿಡಿಟಿ ಹೊಡೆಯುವವರು ಬಂದದ್ದು 1950ರ ದಶಕದಲ್ಲಿ, ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1953ರಲ್ಲಿ ಶುರುವಾದ ಮೇಲೆ. ಅಷ್ಟರಲ್ಲಿ ನಮ್ಮ ಕೇರಿಯ ಎರಡು ಮನೆ ಖಾಲಿಯಾಗಿದ್ದವು. ಒಂದು ಮನೆಯಲ್ಲಿ ಕಡೆಗೆ ಉಳಿದದ್ದು ಒಬ್ಬ ವಿಧವೆ. ಮೂರು ಮಕ್ಕಳನ್ನು ಮಣ್ಣು ಮಾಡಿ ತವರಿಗೆ ಹೋದಳು. ಕರಪತ್ರದವರು ಶಾಪ ಹಾಕಿಸಿದ್ದು ಈ ಹೆಂಗಸಿನ ಬಾಯಲ್ಲಿ! ಅವಳು ಯಾರಿಗೂ ಶಾಪ ಹಾಕಲಿಲ್ಲ ಮಾರಾಯ್ರೆ, ಹೋಗುವಾಗ ತನ್ನ ತಾಮ್ರದ ಹಂಡೆಯನ್ನು ನಮ್ಮಜ್ಜಿಗೆ ಕೊಟ್ಟು ಹೋದಳು. ಅದು ನಮ್ಮಲ್ಲಿ ಈಗಲೂ ಇದೆ.

ಉಳಿದ ಮನೆಗಳ ಕಥೆ ಇನ್ನೂ ಸಪ್ಪೆ, ಹಾಗಾಗಿ ಪ್ರವಾಸಿಗರಿಗೆ ಬೇಡ. ಒಂದು ಮನೆಯ ಹುಡುಗರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದರು. ಒಡೆಯರ ಮನೆಯೊಂದು 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಗದ್ದೆ ಕಳೆದುಕೊಂಡು ಶಿವಮೊಗ್ಗಕ್ಕೆ ಹೋಯಿತು. ಗದ್ದೆ ಪಡೆದ ಗೇಣಿದಾರರ ಮಕ್ಕಳು ಚೆನ್ನಾಗಿ ಓದಿದರು, ಓದಿದ್ದರಿಂದಲೇ ಅವರೂ ಹೋದರು. ಒಂದು ಮನೆಯ ತೋಟ ಕೊಳೆರೋಗಕ್ಕೆ ಹೋಗಿ ಸೊಸೈಟಿಯ ಸಾಲ ಉಳಿಯಿತು. ನಮ್ಮ ಮನೆಯ ವಿಷಯ ಹೇಳುವುದಾದರೆ, ಹೈಸ್ಕೂಲಿಗೆ ಒಂಬತ್ತು ಮೈಲಿ ನಡೆಯಬೇಕಿತ್ತು. ನಾನು ನಡೆದೆ, ಬಿ.ಕಾಂ., ಎಂ.ಕಾಂ. ಮಾಡಿದೆ, 1983ರಲ್ಲಿ ಬ್ಯಾಂಕು ಸೇರಿದೆ. ತಮ್ಮನೂ ಊರು ಬಿಟ್ಟ. ಅಪ್ಪ ತೀರಿಕೊಂಡ ಮೇಲೆ 1987ರಲ್ಲಿ ಅಮ್ಮನನ್ನು ಕರೆದುಕೊಂಡು ಬಂದೆವು. ಬೀಗ ಹಾಕಿದವನು ನಾನೇ. ಅದು ಹಗಲು ಹನ್ನೊಂದು ಗಂಟೆ, ರಾತ್ರಿಯಲ್ಲ. ಮೊದಲ ಮನೆ ಖಾಲಿಯಾದದ್ದಕ್ಕೂ ನಮ್ಮದಕ್ಕೂ ನಡುವೆ ಐವತ್ತು ವರ್ಷ. ಇದು ಯಾವ ಸೀಮೆಯ ಒಂದು ರಾತ್ರಿ?

ದೆವ್ವದ ಕಥೆ ನಿರುಪದ್ರವಿ, ಮಕ್ಕಳಾಟಿಕೆ, ನೀವು ಸುಮ್ಮನೆ ಕೋಪ ಮಾಡಿಕೊಳ್ಳುತ್ತೀರಿ ಅಂತ ಸ್ನೇಹಿತರು ಅನ್ನುತ್ತಾರೆ. ನಿರುಪದ್ರವಿಯಲ್ಲ. ಅದು ಹೊಣೆ ಇರುವವರನ್ನೆಲ್ಲ ಖುಲಾಸೆ ಮಾಡುತ್ತದೆ. ಶಾಪ ಅಂದ ಕೂಡಲೇ ಕಂದಾಯದ ಗುತ್ತಿಗೆದಾರ ಪಾರು, ಆಸ್ಪತ್ರೆ ಕಟ್ಟದ ಸರಕಾರ ಪಾರು, ರಸ್ತೆ ಮಾಡದವರು ಪಾರು. ನಮ್ಮ ನೆರೆಯ ಸಾಗರ, ಹೊಸನಗರದ ಕಡೆ ನೋಡಿ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು, 1964ರಲ್ಲಿ ಲಿಂಗನಮಕ್ಕಿ ಬಂತು. ಊರುಗಳ ಜೊತೆಗೆ ಆ ಮೊದಲಿನ ಅಣೆಕಟ್ಟೂ ಮುಳುಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಲ್ಲಿ ಯಾರೂ ಶಾಪದ ಕಥೆ ಕಟ್ಟಲಿಲ್ಲ, ಯಾಕೆಂದರೆ ಎದ್ದು ಹೋದವರು ಬದುಕಿದ್ದರು, ಕಚೇರಿಗೆ ಅಲೆಯುತ್ತಿದ್ದರು, ಅವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ನಾ. ಡಿಸೋಜ ಅವರು 'ಮುಳುಗಡೆ' ಬರೆದರು, 'ದ್ವೀಪ' ಬರೆದರು. ದೆವ್ವ ಬರೆಯಲಿಲ್ಲ. ಇನ್ನು ನೂರು ವರ್ಷ ಹೋಗಲಿ, ಹಕ್ಕುಪತ್ರದ ಅರ್ಜಿಗಳೆಲ್ಲ ಗೆದ್ದಲು ತಿನ್ನಲಿ, ಆಗ ನೋಡಿ, ಅಲ್ಲಿಯೂ ನೀರೊಳಗೆ ಗೆಜ್ಜೆ ಕೇಳಿಸುತ್ತದೆ.

ಹಾಗಂತ ಐತಿಹ್ಯಗಳೆಲ್ಲ ಸುಳ್ಳು, ಕಸದ ಬುಟ್ಟಿಗೆ ಹಾಕಿ ಅನ್ನುವ ಬುದ್ಧಿವಂತರ ಜೊತೆಗೂ ನನಗೆ ಜಗಳ ಇದೆ. ಊರಿನವರು ಹೇಳಿದ ಕಥೆ ಬೇರೆ, ಊರಿನ ಮೇಲೆ ಹೇರಿದ ಕಥೆ ಬೇರೆ. ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪ ಕಾರಣ ಎನ್ನುತ್ತೇವೆ. ಮರಳು ಬಂದದ್ದಕ್ಕೆ ಕಾವೇರಿಗೆ ಹಿಂದೆಯೇ ಕಟ್ಟಿದ್ದ ಮಾಧವಮಂತ್ರಿಯ ಕಟ್ಟೆ, ನದಿಯ ತಿರುವು, ಗಾಳಿ ಇವೆಲ್ಲ ಕಾರಣ ಎಂದು ಕೆ. ಎನ್. ಗಣೇಶಯ್ಯನವರಂಥ ವಿಜ್ಞಾನಿಗಳು ತೋರಿಸಿದ್ದಾರೆ. ಒಪ್ಪೋಣ. ಆದರೆ 1610ರಲ್ಲಿ ಶ್ರೀರಂಗಪಟ್ಟಣ ಕೈ ಬದಲಾದಾಗ ಒಬ್ಬ ಹೆಂಗಸಿನ ಒಡವೆಗೆ ಅರಮನೆ ಆಳು ಕಳಿಸಿತು ಎಂಬ ದೂರು ಆ ಕಥೆಯೊಳಗೆ ನಾನೂರು ವರ್ಷ ಉಳಿದುಕೊಂಡಿದೆಯಲ್ಲ, ಅದನ್ನು ಯಾವ ಕಚೇರಿಯೂ ಅಷ್ಟು ಕಾಲ ಕಾಪಾಡುತ್ತಿರಲಿಲ್ಲ. ಅದು ದೂರಿನ ಅರ್ಜಿ.

ಈ ವಿದರ್ಭದಲ್ಲಿ ಅಂಥದ್ದೇ ಇನ್ನೊಂದು ಕಂಡೆ. ನಾಗಪುರದವರು ಹುಲಿ ನೋಡಲು ಚಂದ್ರಪುರ ಜಿಲ್ಲೆಯ ತಾಡೋಬಾಕ್ಕೆ ಹೋಗುತ್ತಾರೆ. ತಾಡೋಬಾ ಎಂಬುದು ತಾರು ಎಂಬ ಹಳ್ಳಿ ಮುಖಂಡನ ಹೆಸರು. ಹುಲಿಯೊಡನೆ ಹೋರಾಡಿ ಸತ್ತ, ಆದಿವಾಸಿಗಳಿಗೆ ದೇವರಾದ. ಕೆರೆಯ ದಂಡೆಯಲ್ಲಿ ಮರದ ಕೆಳಗೆ ಅವನ ಗುಡಿ ಇದೆ, ಪುಷ್ಯಮಾಸದಲ್ಲಿ ಜಾತ್ರೆ. ಮುಖಂಡನಿದ್ದ ಎಂದರೆ ಹಳ್ಳಿಯಿತ್ತು ಎಂದೇ ತಾನೇ ಅರ್ಥ? ಬೋಟೆಝರಿ, ಜಾಮಣಿಯಂಥ ಹಳ್ಳಿಗಳನ್ನು ಈ ಶತಮಾನದಲ್ಲಿ ಆ ಕಾಡಿನಿಂದ ಹೊರಗೆ ಸಾಗಿಸಿದ್ದಾರೆ. ಹುಲಿಗೆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಜೀಪಿನಲ್ಲಿ ಕೂತವರಿಗೆ ಇದು ಎಂದೂ ಮನುಷ್ಯರಿಲ್ಲದ ಕಾಡು ಅಂತ ಯಾರೂ ಹೇಳಕೂಡದು. ತಾರುವಿನ ಕಥೆ ಅವರ ಖಾತೆ ಪುಸ್ತಕ. ನಮ್ಮ ಚೌಡಿಯ ಕಲ್ಲೂ ಅದೇ. ದೀಪಾವಳಿ ಕಳೆದ ಮೇಲೆ ಒಂದು ದಿನ ಚದುರಿದ ಮನೆಗಳವರಲ್ಲಿ ಬರಲಾದವರು ಬಂದು ಅಲ್ಲಿ ಪೂಜೆ ಮಾಡಿ, ಕೋಳಿ ಕೊಡುವವರು ಕೊಟ್ಟು, ಅಲ್ಲೇ ಊಟ ಮಾಡಿ ಹೋಗುತ್ತೇವೆ. ನಾನು ಬುಟಿಬೋರಿಯಿಂದ ಎರಡು ರೈಲು, ಎರಡು ಬಸ್ಸು ಹತ್ತಿ ಹೋಗಿ ಬಂದಿದ್ದೇನೆ. ಪ್ರೇತಶಿಲೆಯಂತೆ!

ಕಂದಾಯ ಇಲಾಖೆಗೆ ಪ್ರವಾಸದವರಿಗಿಂತ ಹೆಚ್ಚು ಮರ್ಯಾದೆ ಇದೆ ಎನ್ನಬೇಕು. ಜನ ಇಲ್ಲದ ಹಳ್ಳಿಗೆ ನಮ್ಮ ದಫ್ತರಗಳಲ್ಲಿ ಬೇಚಿರಾಕ್ ಎನ್ನುತ್ತಾರೆ. ಬೇ-ಚಿರಾಗ್, ಪಾರಸಿ ಮಾತು, ದೀಪವಿಲ್ಲದ್ದು ಅಂತ ಅರ್ಥ. ವಿದರ್ಭದಲ್ಲಿ ಅದಕ್ಕೇ ರಿಠಿ ಎನ್ನುತ್ತಾರೆ, ಊರ ಹೆಸರಿನ ಮುಂದೆ ಅಷ್ಟು ಬರೆದಿರುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಹಳ್ಳಿಗಳಲ್ಲಿ 1,943 ಇಂಥವು. ಮಹಾರಾಷ್ಟ್ರದಲ್ಲಿ ಎರಡು ಸಾವಿರಕ್ಕೂ ಮೀರಿ. ಜನ ಹೋದರೂ ಹೆಸರು, ಗಡಿ, ಸರ್ವೆ ನಂಬರು ಅಳಿಸುವುದಿಲ್ಲ. ಬ್ಯಾಂಕಿನಲ್ಲೂ ಹಾಗೆಯೇ. ಹತ್ತು ವರ್ಷ ವಹಿವಾಟಿಲ್ಲದ ಠೇವಣಿ 2014ರಿಂದೀಚೆಗೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೂ ವಾರಸುದಾರ ಕಾಗದಪತ್ರ ಹಿಡಿದು ಬಂದರೆ ಹಣ ಕೊಡಲೇಬೇಕು. ಗಿರಾಕಿ ಬರಲಿಲ್ಲ ಅಂತ ಅವನ ಖಾತೆಗೆ ಬೇರೆಯವರು ಕಥೆ ಬರೆಯುವ ಹಾಗಿಲ್ಲ.

ತಮ್ಮನ ಮಗನ ಮಾತನ್ನೂ ಹೇಳದಿದ್ದರೆ ಅನ್ಯಾಯ. 'ಕಥೆ ಇಲ್ದಿದ್ರೆ ಯಾರು ಬರ್ತಾರೆ ದೊಡ್ಡಪ್ಪ? ಮಾಡು ಹೊದಿಸ್ಲಿಕ್ಕೆ ದುಡ್ಡು ಬೇಕಲ್ಲ, ನೀವಲ್ಲಿ ನಾಗಪುರದಲ್ಲಿ ಕೂತು ಹೇಳೋದು ಸುಲಭ' ಎಂದ. ದುಡ್ಡಿನ ಮಾತು ನಿಜ. ಜನ ಬರಲಿ, ಗಂಜಿ ಊಟ ಹಾಕು, ಕವಲೇದುರ್ಗಕ್ಕೆ ಕರೆದುಕೊಂಡು ಹೋಗು, ದುಡ್ಡು ತಗೋ ಅಂದೆ. ಕಥೆ ಬೇಕಾದರೆ ಒಲೆಯ ಹತ್ತಿರ ನಿಲ್ಲಿಸಿ ವೀರಮ್ಮಾಜಿಯ ಕಥೆ ಹೇಳು, ಶಿಸ್ತಿನ ಕಥೆ ಹೇಳು, ಭೀಮ ಗದೆಯಿಂದ ಹೊಡೆದು ಕೊಳ ಮಾಡಿದ ಅಂತ ನಮ್ಮಜ್ಜಿ ಹೇಳುತ್ತಿದ್ದುದನ್ನೂ ಹೇಳು, ಚಳಿಜ್ವರದ ಕಥೆ ಹೇಳು. ಕೇಳಿದವರಿಗೆ ನಿದ್ದೆ ಬರುವುದಿಲ್ಲ, ಗ್ಯಾರಂಟಿ. ಅವನು ಕರಪತ್ರ ತಡೆಹಿಡಿದಿದ್ದಾನೆ. ಒಪ್ಪಿದ್ದಾನೆ ಅಂತಲ್ಲ.

ಇಟಲಿಯ ದಕ್ಷಿಣದಲ್ಲಿ ಬಸಿಲಿಕಾಟ ಅಂತ ಒಂದು ಪ್ರಾಂತ್ಯ. ಅಲ್ಲಿ ಕ್ರಾಕೋ ಎಂಬ ಗುಡ್ಡದೂರು ಹೀಗೆಯೇ ಬರಿದಾಗಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ಬಡತನಕ್ಕೆ ಜನ ಅಮೆರಿಕಕ್ಕೆ ಹೊರಟಿದ್ದರು. 1963ರಲ್ಲಿ ಗುಡ್ಡ ಜಾರತೊಡಗಿತು. ಚರಂಡಿ, ನೀರಿನ ಕೊಳವೆಯ ಕೆಲಸಗಳೇ ಅದಕ್ಕೆ ದಾರಿ ಮಾಡಿದವು ಎಂಬ ಮಾತಿದೆ. ಜನರನ್ನು ಕಣಿವೆಗೆ ಇಳಿಸಿದರು. 1980ರ ಭೂಕಂಪದ ಮೇಲೆ ಅಲ್ಲಿ ಯಾರೂ ಉಳಿಯಲಿಲ್ಲ. ಅಲ್ಲಿಯೂ ಟಿಕೆಟ್ ಇದೆ, ತಲೆಗೆ ಹೆಲ್ಮೆಟ್ ಹಾಕಿ ಒಳಗೆ ಬಿಡುತ್ತಾರೆ, ಸಿನಿಮಾದವರೂ ಬರುತ್ತಾರೆ. ಆದರೆ ಅಮೆರಿಕದಲ್ಲಿರುವ ಆ ಊರಿನವರ ಮೊಮ್ಮಕ್ಕಳು ಒಂದು ಸಂಘ ಕಟ್ಟಿಕೊಂಡು ಯಾವ ಮನೆತನದವರು ಎಲ್ಲಿಗೆ ಹೋದರು ಎಂಬ ದಾಖಲೆ ಕೂಡಿಸುತ್ತಿದ್ದಾರೆ. ಸಾಗರದಾಚೆ ಕೂತವರಿಗೆ ಆಗುತ್ತದೆ ಎಂದರೆ ಸಾವಿರ ಕಿಲೋಮೀಟರ್ ಆಚೆ ಕೂತ ನನಗೆ ಆಗಬೇಡವೇ?

ಆದ್ದರಿಂದ ಒಂದು ನೋಟ್ ಪುಸ್ತಕ ತೆಗೆದು ಏಳು ಪುಟ ಹಾಕಿದ್ದೇನೆ. ಮನೆತನ, ಹೋದ ವರ್ಷ, ಕಾರಣ, ಹೋದ ಊರು, ಈಗ ಇರುವವರು. ಐದು ಪುಟ ತುಂಬಿದೆ. ಹಂಡೆ ಕೊಟ್ಟ ಆ ತಾಯಿಯ ತವರು ಕೊಪ್ಪದ ಕಡೆ ಅಂತ ಮಾತ್ರ ಅಜ್ಜಿ ಹೇಳಿದ ನೆನಪು. ಭದ್ರಾವತಿಗೆ ಹೋದ ಮನೆಯವರು ಕವಲೇದುರ್ಗದ ಕಡೆಯವರು, ಇಬ್ಬರು ಅಣ್ಣತಮ್ಮಂದಿರು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು, ಹಿರಿಯವನಿಗೆ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ ಎನ್ನುವವರೆಗೆ ತಿಳಿದಿದೆ. ಭದ್ರಾವತಿಯ ಹಳೆಯ ಕೆಲಸಗಾರರ ಮನೆಗಳಲ್ಲಿ ಈ ಪುಸ್ತಕ ಓದುವವರಿದ್ದರೆ, ಅಜ್ಜನ ಬಾಯಲ್ಲಿ ಏಳು ಮನೆ ಕೇರಿ, ಚೌಡಿಯ ಕಲ್ಲು ಅಂತ ಕೇಳಿದ್ದರೆ, ಪ್ರಕಾಶಕರಿಗೆ ಒಂದು ಕಾರ್ಡು ಹಾಕಲಿ. ನನಗೆ ತಲುಪುತ್ತದೆ.